ಬಾಗಿಲಲ್ಲಿ ಕೇಳುವ ಮಾತು

ಹುಳದ ಮನೆಯ ಬಾಗಿಲಲ್ಲಿ ನಮ್ಮಜ್ಜಿ ಗಂಗುಲಮ್ಮ ಕುಳಿತಿದ್ದರೆ ಜಿಲ್ಲಾಧಿಕಾರಿ ಬಂದರೂ ಸುಮ್ಮನೆ ಒಳಗೆ ಹೋಗುವಂತಿರಲಿಲ್ಲ. ಮೊದಲು ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದ ತಟ್ಟೆಯಲ್ಲಿ ಕಾಲಿಡಬೇಕು. ಹೆಂಗಸರಾದರೆ ಅದರ ಮೇಲೊಂದು ಪ್ರಶ್ನೆ: "ಹೊರಗಡೆ ಇಲ್ಲ ತಾನೆ?" ಮುಟ್ಟಾದವಳ ನೆರಳು ಬಿದ್ದರೂ ರೇಷ್ಮೆ ಹುಳುಗಳು ಸಾಯುತ್ತವೆ ಎಂಬುದು ಅಜ್ಜಿಯ ನಂಬಿಕೆ. ಅಮ್ಮನನ್ನು ದಿನಕ್ಕೆ ಮೂರು ಸಲ ಕೇಳುತ್ತಿದ್ದಳು, ಹುಳಕ್ಕೆ ಸೊಪ್ಪು ಹಾಕುವ ಪ್ರತಿ ಹೊತ್ತಿಗೂ. ಅಪ್ಪನನ್ನು ಕೇಳುತ್ತಿರಲಿಲ್ಲ. ನನ್ನ ಜೊತೆಯಲ್ಲೇ ಹುಟ್ಟಿದ ಚಿರಂಜೀವಿಯನ್ನು ಕೇಳುತ್ತಿರಲಿಲ್ಲ. ಹದಿಮೂರು ತುಂಬಿದ್ದರೂ ನನ್ನನ್ನೂ ಕೇಳುತ್ತಿರಲಿಲ್ಲ. "ಹರಿತಾ ಇನ್ನೂ ಕೂಸು, ನಡಿಯಮ್ಮ" ಎಂದು ಒಳಗೆ ಬಿಡುತ್ತಿದ್ದಳು.

ನಾಲ್ಕು ತಿಂಗಳಿಂದ ಆ ಕೂಸು ಮನೆಯವರ ಕಣ್ಣಿಗೆ ಮಣ್ಣೆರಚುತ್ತಿತ್ತು. ಮೊದಲ ಸಲ ಆದದ್ದು ಶಾಲೆಯಲ್ಲಿ. ಟೀಚರ್ ಪ್ಯಾಡು ಕೊಟ್ಟು, ಮನೆಯಲ್ಲಿ ಹೇಳು ಎಂದರು. ನಾನು ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಚಿಂತಾಮಣಿಯ ಅತ್ತೆಯ ಮಗಳು ಚೈತನ್ಯಳ ವಿಷಯದಲ್ಲಿ ನೋಡಿದ್ದೆ. ಅವಳನ್ನು ಹನ್ನೊಂದು ದಿನ ಮೂಲೆಯಲ್ಲಿ ಚಾಪೆಯ ಮೇಲೆ ಕೂರಿಸಿ, ಮೈನೆರೆದಳೆಂದು ಊರಿಗೆಲ್ಲ ಹೇಳಿ ಒಸಗೆ ಮಾಡಿದರು. ರಸ್ತೆಯಲ್ಲಿ ಅವಳ ಫೋಟೊ ಹಾಕಿದ ಫ್ಲೆಕ್ಸು ಕಟ್ಟಿದರು, ಹುಡುಗರೆಲ್ಲ ನಿಂತು ನೋಡಿದರು. ಆಮೇಲೆ ಅವಳ ಸೈಕಲ್ಲು ತಮ್ಮನ ಪಾಲಾಯಿತು. ಆಟ ನಿಂತಿತು. ನನಗೆ ಖೋಖೋ ಎಂದರೆ ಪ್ರಾಣ. ಮುಂದಿನ ಶನಿವಾರ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಮಟ್ಟದ ಪಂದ್ಯವಿತ್ತು. ಅದು ಮುಗಿಯುವವರೆಗಾದರೂ ಕೂಸಾಗಿಯೇ ಇರಬೇಕೆಂದು ಹಟ ಹಿಡಿದಿದ್ದೆ.

ಹಟವಿದ್ದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಪ್ರತಿ ತಿಂಗಳು ಆ ಮೂರು ದಿನ ಸೊಪ್ಪಿನ ಬುಟ್ಟಿ ಹಿಡಿದು ಒಳಗೆ ಕಾಲಿಟ್ಟಾಗಲೆಲ್ಲ ಮೊದಲು ಹುಳುಗಳನ್ನೇ ನೋಡುತ್ತಿದ್ದೆ. ಒಂದು ಹುಳು ತಲೆ ಎತ್ತದೆ ಮಲಗಿದ್ದರೂ, ಸತ್ತಿತು, ನನ್ನಿಂದಲೇ ಸತ್ತಿತು ಎಂದುಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ. ಎರಡು ಬೆಳೆ ಚೆನ್ನಾಗಿಯೇ ಬಂದವು. ಶಿಡ್ಲಘಟ್ಟದ ಮಾರುಕಟ್ಟೆಯಿಂದ ಅಪ್ಪ ನಗುತ್ತಾ ಬಂದ. ನನಗೆ ಮಾತ್ರ ಧೈರ್ಯ ಬರಲಿಲ್ಲ. ಊರದೇವತೆ ಗಂಗಮ್ಮ ಎಲ್ಲವನ್ನೂ ನೋಡುತ್ತಿದ್ದಾಳೆ, ಒಟ್ಟಿಗೆ ತೀರಿಸುತ್ತಾಳೆ ಎಂದುಕೊಂಡೆ.

ಅತ್ತ ಚಿರಂಜೀವಿಗೆ ಹಬ್ಬವೋ ಹಬ್ಬ. ಅವನ ತುಟಿಯ ಮೇಲೆ ನಾಲ್ಕು ಕೂದಲು ಚಿಗುರಿದ್ದಕ್ಕೆ ಮನೆಯವರೆಲ್ಲ ಸರದಿಯಲ್ಲಿ ಬಂದು ಗಲ್ಲ ಹಿಡಿದು ನೋಡಿದರು. ಅಪ್ಪ ಬೈಕಿನ ಕೀಲಿ ಕೊಟ್ಟ. ಅಜ್ಜಿ ಅವನ ತಟ್ಟೆಗೆ ಎರಡು ಮುದ್ದೆ ಇಡತೊಡಗಿದಳು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಗಂಟಲು ಒಡೆದ ಮೇಲೆ ಅವನು ಮಾತು ಬಿಟ್ಟಿದ್ದ. ಮಾತಾಡಿದರೆ ದನಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗಿ ಎಲ್ಲರೂ ನಗುತ್ತಿದ್ದರು. ಮೊಣಕಾಲು ತರಚಿಕೊಂಡು ಬಂದು ಕಣ್ಣಲ್ಲಿ ನೀರು ತಂದ ದಿನ ಅಪ್ಪ, "ಮೀಸೆ ಬಂದೋನು ಅಳ್ತೀಯೇನೋ" ಎಂದಿದ್ದ. ಅವತ್ತಿನಿಂದ ಅವನು ಏನು ಕೇಳಿದರೂ ಹ್ಞೂಂ ಎನ್ನುವುದಷ್ಟೇ.

ಪಂದ್ಯದ ಹಿಂದಿನ ಭಾನುವಾರ. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಎಷ್ಟು ಸೊಪ್ಪು ಹಾಕಿದರೂ ಸಾಲದೆ ಮೇಯುತ್ತಿದ್ದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಿತ್ತು. ನನಗೆ ಅಂದು ಎರಡನೇ ದಿನ. ಮಧ್ಯಾಹ್ನ ನಾನು, ಚಿರಂಜೀವಿ ಸೊಪ್ಪು ಹಾಕಿದೆವು. ಅವನು ಎಲ್ಲಿಂದಲೋ ಬೆವೆತುಕೊಂಡು ಬಂದವನು ನೇರವಾಗಿ ಬುಟ್ಟಿ ಎತ್ತಿದ. ಅಜ್ಜಿ, "ನಡಿಯಪ್ಪ" ಎಂದಳು. ಆಮೇಲೆ ಬಚ್ಚಲಲ್ಲಿ ನಾನು ನನ್ನ ಕಲೆಯಾದ ಬಟ್ಟೆಯನ್ನು ಅವನು ಆಗಷ್ಟೇ ಬಿಚ್ಚಿಹಾಕಿದ್ದ ನೀಲಿ ಅಂಗಿಯ ಕೆಳಗೆ ಮುಚ್ಚಿಟ್ಟು ಒಗೆದೆ. ಅಂಗಿಯಿಂದ ಘಾಟು ವಾಸನೆ ಬರುತ್ತಿತ್ತು. ಒಳ್ಳೆಯದೇ ಆಯಿತು, ಯಾರೂ ಹತ್ತಿರ ಬರುವುದಿಲ್ಲ ಎಂದುಕೊಂಡೆ.

ಸೋಮವಾರ ಬೆಳಗ್ಗೆ ಅಮ್ಮ ಹುಳದ ಮನೆಯಿಂದ ಕೂಗಿದಳು. ಬಾಗಿಲ ಕಡೆಯ ಮೂರು ಸಾಲು ಅಟ್ಟಣಿಗೆಗಳಲ್ಲಿ ಹುಳುಗಳು ಹಸಿರು ನೀರು ಕಕ್ಕಿ, ಸುರುಟಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ತಲೆ ಆಡಿಸುತ್ತಿದ್ದವು. ಕಿಟಕಿಯ ಕಡೆಯವು ಮಾತ್ರ ಉಳಿದಿದ್ದವು. ಹಿಂದಿನ ದಿನ ನಾನು ಚಿರಂಜೀವಿಯ ಪಕ್ಕ ನಿಂತಿದ್ದದ್ದು ಬಾಗಿಲ ಕಡೆಯೇ.

ಅಜ್ಜಿ ಅಳಲಿಲ್ಲ. ದೇವರ ಗೂಡಿನ ಮುಂದೆ ತಟ್ಟೆ ಇಟ್ಟು ಕರ್ಪೂರ ಹಚ್ಚಿದಳು.

"ಕವಿತ, ಬಾರಮ್ಮ ಇಲ್ಲಿ. ಹೊರಗಡೆ ಇಲ್ಲ ಅಂತ ನಂಗೆ ಹೇಳಿ ಒಳಗೆ ಹೋಗಿದ್ದೆ. ಈಗ ಗಂಗಮ್ಮನ ಮುಂದೆ ಹೇಳು."

"ನಾನು ಸುಳ್ಳು ಹೇಳಿಲ್ಲ ಅತ್ತೆ," ಎಂದಳು ಅಮ್ಮ.

"ಹಂಗಾದ್ರೆ ಬರಿಗೈಲಿ ಕರ್ಪೂರ ಆರ್ಸು. ತಪ್ಪು ಮಾಡ್ದೆ ಇದ್ರೆ ಕೈ ಸುಡಲ್ಲ."

ನಾನು ಅಪ್ಪನನ್ನು ನೋಡಿದೆ. ಅವನು ಗೋಡೆ ನೋಡುತ್ತಿದ್ದ. ಚಿರಂಜೀವಿಯನ್ನು ನೋಡಿದೆ. ಅವನು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಆಗ ನೀಲಿ ಅಂಗಿಯ ಘಾಟು ನೆನಪಾಯಿತು. ಪಕ್ಕದ ಆವುಲಪ್ಪನ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ದಿನ ನಮ್ಮ ಕಡೆಗೆ ಬರುತ್ತಿದ್ದ ಘಾಟು ಅದೇ. ಇವನೇ ಇರಬಹುದು ಎನ್ನಿಸಿತು. ಆದರೆ ನಾನಲ್ಲ ಎಂದು ನಂಬಲು ನನಗೆ ಧೈರ್ಯವಿರಲಿಲ್ಲ. ನಾಲ್ಕು ತಿಂಗಳ ಹೆದರಿಕೆ ನೀನೇ, ನೀನೇ ಎನ್ನುತ್ತಿತ್ತು. ಶನಿವಾರಕ್ಕೆ ಇನ್ನು ಐದೇ ದಿನ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅಮ್ಮ ಕೈ ಚಾಚಿದಳು.

"ಅಮ್ಮ ಅಲ್ಲಜ್ಜಿ. ನಾನು," ಎಂದೆ. "ನಿನ್ನೆ ಒಳಗೆ ಬಂದಿದ್ದೆ. ನಾಲ್ಕು ತಿಂಗಳಿಂದ ಬರ್ತಿದ್ದೀನಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಾನೇ ದಿನವೂ ತಲೆ ಬಾಚುತ್ತಿದ್ದ ಮೊಮ್ಮಗಳನ್ನು ಆವರೆಗೆ ಕಂಡೇ ಇರಲಿಲ್ಲವೇನೋ ಎಂಬಂತೆ ನೋಡಿದಳು. "ಅಯ್ಯೋ ದೇವುಡಾ," ಎಂದು ತೆಲುಗಿನಲ್ಲಿ ಗೊಣಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ನರೇಂದ್ರ, ಮೂಲೇಲಿ ಚಾಪೆ ಹಾಕಪ್ಪ. ಚಿಂತಾಮಣಿಗೆ ಫೋನ್ ಮಾಡು, ಒಸಗೆಗೆ ಬರ್ಲಿ. ಸ್ಕೂಲೂ ಬೇಡ, ಆಟಾನೂ ಬೇಡ."

ಅಪ್ಪ ಚಾಪೆ ತರಲು ಎದ್ದ. ಆಗ ಚಿರಂಜೀವಿ ಬಾಯಿ ತೆರೆದ.

"ನಾನು ಆವುಲಪ್ಪ ಮಾವನ ತೋಟದಾಗೆ ಔಷ್ದಿ ಹೊಡೆದಿದ್ದೆ." ದನಿ ಒಡೆದು ಮೇಲಕ್ಕೆ ಹೋಯಿತು. ಯಾರೂ ನಗಲಿಲ್ಲ. "ಮೀಸೆ ಬಂದೋನಿಗೆ ಪಂಪು ಹೊರೋಕಾಗಲ್ವೇನೋ ಅಂತ ಹುಡುಗ್ರೆಲ್ಲ ಅಂದ್ರು. ಅದೇ ಅಂಗೀಲಿ ಬಂದು ಸೊಪ್ಪು ಹಾಕ್ದೆ. ಕೈ ತೊಳೀಲಿಲ್ಲ."

ಅಪ್ಪ ಬೆಲ್ಟಿಗೆ ಕೈ ಹಾಕುತ್ತಾನೆಂದು ನಾನು ಕಣ್ಣು ಮುಚ್ಚಿದೆ. ಅಪ್ಪ ಹೊಡೆಯಲಿಲ್ಲ, ಕುಸಿದು ಕೂತ. ಹುಳದ ಮನೆಗೆ ಔಷಧಿಯ ಗಾಳಿ ಸೋಕಿದರೂ ಹುಳುಗಳು ಸಾಯುತ್ತವೆಂದು ನಮ್ಮೂರು ಸಾದಲಿಯಲ್ಲಿ ಅಂಗನವಾಡಿ ಮಗುವಿಗೂ ಗೊತ್ತು. ಅಜ್ಜಿಗೆ ಗೊತ್ತಿಲ್ಲವೇ? ಕರ್ಪೂರದ ತಟ್ಟೆ ಪಕ್ಕಕ್ಕೆ ಸರಿಸಿ, "ಗಂಡುಹುಡುಗ, ಗೊತ್ತಾಗ್ದೆ ಮಾಡವ್ನೆ, ಬಿಡು," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮೂಲೆಗೆ ಹೋಗಮ್ಮ," ಎಂದಳು.

ಅವನಿಗೆ ಒಂದು ಮಾತಿನಲ್ಲಿ ಮುಗಿಯಿತು. ನನಗೆ ಹನ್ನೊಂದು ದಿನ.

ಸಂಜೆ ಅಮ್ಮ ದೂರದಿಂದ ತಟ್ಟೆ ಸರಿಸಿದಳು. "ನಂಗೆ ಗೊತ್ತಿತ್ತು ಕಣೇ. ಬಟ್ಟೆ ಒಣಗಿಸೋದು ನಾನಲ್ವಾ," ಎಂದು ಪಿಸುಗುಟ್ಟಿದಳು. "ಶನಿವಾರ ಒಂದು ಕಳೀಲಿ ಅಂತಿದ್ದೆ." ನನಗಾಗಿ ಕರ್ಪೂರಕ್ಕೆ ಕೈ ಒಡ್ಡಿದ್ದಳು ಅಮ್ಮ. ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಗ್ಗೆ ಚಾಪೆಯ ಮೇಲೆ ಕುಳಿತೇ ಹುಳದ ಮನೆಯ ಬಾಗಿಲ ಮಾತು ಕೇಳಿಸಿಕೊಂಡೆ. ಅಜ್ಜಿ ಅಮ್ಮನನ್ನು ಕೇಳಿದಳು, ಅಮ್ಮ ಇಲ್ಲ ಎಂದು ಒಳಗೆ ಹೋದಳು. ಆಮೇಲೆ ಸೊಪ್ಪಿನ ಬುಟ್ಟಿ ಇಳಿಸಿದ ಸದ್ದು.

"ನಡಿಯಪ್ಪ," ಎಂದಳು ಅಜ್ಜಿ.

"ನನ್ನನ್ನೂ ಕೇಳಜ್ಜಿ."

"ನಿನ್ನನ್ನೇನೋ ಕೇಳೋದು?"

"ಎಲ್ಲಿಗೆ ಹೋಗಿದ್ದೆ, ಏನು ಮುಟ್ಟಿದ್ದೆ ಅಂತ ಕೇಳು. ಹುಳ ಸಾಯಿಸಿದ್ದು ನಾನು. ಮೂಲೇಲಿ ಕೂತಿರೋದು ಅವಳು." ದನಿ ಮತ್ತೆ ಎರಡಾಯಿತು, ಅವನು ಅಳುತ್ತಿದ್ದ. ಅದನ್ನು ಮುಚ್ಚಿಕೊಳ್ಳಲೂ ಇಲ್ಲ.

ಅಜ್ಜಿ ಕೇಳಲಿಲ್ಲ. ಅವನೂ ಒಳಗೆ ಹೋಗಲಿಲ್ಲ. ಚಾಪೆಯಿಂದ ಎದ್ದು ಕಿಟಕಿಯಲ್ಲಿ ಇಣುಕಿದೆ: ಬುಟ್ಟಿಯ ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು, ಒಳಗೆ ಉಳಿದ ಹುಳುಗಳು ಹಸಿದಿದ್ದವು, ಇಬ್ಬರೂ ಹಾಗೆಯೇ ನಿಂತಿದ್ದರು.