ಅಳಿಸಿದ ಐದು ಗುರುತು

ಸುಷ್ಮಾಳ ಸೀಮಂತದ ಫೋಟೋಗಳನ್ನು ಆರಿಸಲು ಅತ್ತೆ ಸೊಸೆ ಇಬ್ಬರೂ ಲಷ್ಕರ್ ಮೊಹಲ್ಲಾದ ಸ್ಟುಡಿಯೋಗೆ ಬಂದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಸ್ಟುಡಿಯೋ ಮಹದೇವಯ್ಯನವರದು. ಒಳಗಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವ ಕೆಲಸ ತನುಶ್ರೀಯದು. ಆರು ವರ್ಷದಿಂದ ಅವಳು ಅದೇ ಕುರ್ಚಿಯಲ್ಲಿ ಕೂತು ಮೈಸೂರಿನ ಎಷ್ಟೋ ಮದುವೆ, ನಾಮಕರಣ, ಗೃಹಪ್ರವೇಶಗಳನ್ನು ನೋಡಿದ್ದಳು. ಊಟಕ್ಕೆ ಮಾತ್ರ ಯಾರೂ ಕರೆದಿರಲಿಲ್ಲ.

ನಾನೂರಕ್ಕೂ ಹೆಚ್ಚು ಫೋಟೋಗಳಿದ್ದವು. ಹಸಿರು ರೇಷ್ಮೆ ಸೀರೆ, ಮೊಣಕೈವರೆಗೆ ಹಸಿರು ಗಾಜಿನ ಬಳೆ, ಮುಡಿ ತುಂಬ ಮಲ್ಲಿಗೆ. ಸುಷ್ಮಾ ಎಲ್ಲದರಲ್ಲೂ ನಗುತ್ತಿದ್ದಳು. ಅತ್ತೆ ಒಂದೊಂದನ್ನೇ ನೋಡಿ "ಇದಿರ್ಲಿ, ಇದ್ಬೇಡ" ಎನ್ನುತ್ತಿದ್ದರು. ಆರತಿಯ ಫೋಟೋಗಳು ಬಂದವು. ಬಗ್ಗಿ ಆಶೀರ್ವಾದ ತೆಗೆದುಕೊಳ್ಳುವಾಗ ಸುಷ್ಮಾಳ ರವಿಕೆಯ ಬಲತೋಳು ಸ್ವಲ್ಪ ಮೇಲೆ ಸರಿದಿತ್ತು. ತನುಶ್ರೀ ಅಭ್ಯಾಸಬಲದಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಪರದೆಯ ತುಂಬ ಆ ತೋಳು. ಮೊಣಕೈ ಮೇಲೆ ಸಾಲಾಗಿ ನಾಲ್ಕು ಕಂದಿದ ಗುರುತು. ಒಳಬದಿಯಲ್ಲಿ ಇನ್ನೊಂದು, ಒಂಟಿಯಾಗಿ, ಉಳಿದವಕ್ಕಿಂತ ಅಗಲವಾಗಿ.

"ಬಾಗ್ಲಿಗೆ ತಾಕಿಸ್ಕೊಂಡ್ಬುಟ್ಳು," ಎಂದರು ಅತ್ತೆ. "ಅದನ್ನೆಲ್ಲಾ ನೀಟಾಗಿ ತೆಗೆದ್ಬುಡಮ್ಮ. ಮಠದ ಕಡೆಯವರೆಲ್ಲ ಮನೆಗೆ ಬರ್ತಾರೆ, ಆಲ್ಬಂ ನೋಡ್ತಾರೆ."

ತನುಶ್ರೀ ಸುಷ್ಮಾಳ ಕಡೆ ತಿರುಗಿದಳು. ಸುಷ್ಮಾ ಪರದೆಯನ್ನು ನೋಡುತ್ತಿರಲಿಲ್ಲ. ತನುಶ್ರೀಯ ಮುಖವನ್ನೇ ನೋಡುತ್ತಿದ್ದಳು. ಎರಡು ಕ್ಷಣ, ಮೂರು ಕ್ಷಣ. ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದಳು.

"ಆಗ್ಲಿ ಅಮ್ಮ," ಎಂದಳು ತನುಶ್ರೀ.

ಮಹದೇವಯ್ಯನವರು ಮೊದಲ ದಿನವೇ ಅವಳಿಗೊಂದು ಪಾಠ ಹೇಳಿಕೊಟ್ಟಿದ್ದರು. ಅವರು ಫಿಲಂ ಕಾಲದವರು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ನೆಗೆಟಿವ್ ಮೇಲೇ ತಿದ್ದುತ್ತಿದ್ದವರು. "ಮಚ್ಚೆ ಮುಟ್ಬೇಡ, ಮೊಡವೆ ಬುಡಬೇಡ," ಎಂದಿದ್ದರು. "ಹುಟ್ಟಿದಾಗ್ಲಿಂದ ಇರೋದು ಆ ಮನುಷ್ಯಂದು. ವಾರದಲ್ಲಿ ಹೋಗೋದು ಅವನ್ದಲ್ಲ." ಆರು ವರ್ಷ ಆ ಮಾತು ಅವಳಿಗೆ ಸಾಕಾಗಿತ್ತು.

ಮರುದಿನ ಆ ಫೋಟೋಗಳನ್ನು ತೆರೆದು ಕೂತಾಗಲೂ ಅವಳು ತನಗೆ ತಾನೇ ಅದನ್ನೇ ಹೇಳಿಕೊಂಡಳು. ಇದೂ ವಾರದಲ್ಲಿ ಹೋಗುವ ಕಲೆಯೇ. ಪಕ್ಕದ ಒಳ್ಳೆಯ ಚರ್ಮವನ್ನು ನಕಲು ಮಾಡಿ ಕಂದಿದ ಜಾಗಕ್ಕೆ ಹಚ್ಚುವುದು. ಒಂದೊಂದಕ್ಕೆ ಅರ್ಧ ನಿಮಿಷ ಸಾಕು. ಮಧ್ಯೆ ಒಮ್ಮೆ, ಯಾಕೆಂದು ತಿಳಿಯದೆ, ತನ್ನ ಎಡಗೈಯ ನಾಲ್ಕು ಬೆರಳುಗಳನ್ನು ಪರದೆಯ ಮೇಲಿನ ಗುರುತುಗಳ ಮೇಲಿಟ್ಟಳು. ಸಾಲು ಸರಿಹೊಂದಿತು. ಗುರುತು ಬಿಟ್ಟ ಕೈ ಮಾತ್ರ ದೊಡ್ಡದು. ಬಿಸಿ ಮುಟ್ಟಿದವಳಂತೆ ಕೈ ತೆಗೆದಳು. ಹದಿನೇಳು ಫೋಟೋಗಳಲ್ಲಿ ಆ ಗುರುತು ಕಾಣುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದರಲ್ಲೂ ಉಳಿಯಲಿಲ್ಲ. ಡಬ್ಬಿ ತೆರೆದು ಚಿತ್ರಾನ್ನ ತಿಂದಳು.

ಜುಲೈ ತಿಂಗಳಲ್ಲಿ ಒಬ್ಬ ಹೆಂಗಸು ಸ್ಟುಡಿಯೋಗೆ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮಡಚಿದ ಛತ್ರಿ. ಹೆಸರು ದಾಕ್ಷಾಯಣಮ್ಮ, ವಿದ್ಯಾರಣ್ಯಪುರಂನಿಂದ ಬಂದಿದ್ದೇನೆ, ಸುಷ್ಮಾಳ ತಾಯಿ ಎಂದರು. ಮಗಳು ಹೆರಿಗೆಗೆ ಬಂದವಳು ಗಂಡನ ಮನೆಗೆ ವಾಪಸ್ ಹೋಗುವುದಿಲ್ಲ ಎನ್ನುತ್ತಿದ್ದಾಳೆ. ಕಾರಣವನ್ನು ಮಗು ಹುಟ್ಟಿದ ಮೇಲಷ್ಟೇ ಬಾಯಿ ಬಿಟ್ಟಿದ್ದಾಳೆ. ಆದರೆ ಬೀಗರು ಒಪ್ಪುತ್ತಿಲ್ಲ.

"ಹಿರಿಯರ ಮುಂದೆ ಆಲ್ಬಂ ತಂದು ಇಟ್ಬುಡ್ತಾರೆ ಕಣ್ರೀ. ನೋಡಿ, ಮಹಾರಾಣಿ ಥರ ನಗ್ತಾ ಕೂತವ್ಳೆ, ಮೈಮೇಲೆ ಒಂದು ಗೀರಾದ್ರೂ ಇದ್ಯಾ ಅಂತಾರೆ. ನನ್ ಮಗಳು ಹೇಳ್ತಾಳೆ, ಫೋಟೋದಲ್ಲಿ ಇತ್ತು, ತೆಗೆಸಿದ್ರು ಅಂತ. ಮೊದಲಿನ ಫೋಟೋ ಇದ್ರೆ ಕೊಡಿ."

ಮಹದೇವಯ್ಯನವರು ಕನ್ನಡಕ ತೆಗೆದು ಒರೆಸಿದರು. "ಆಲ್ಬಂ ಮಾಡಿಸ್ದೋರು ನಿಮ್ಮ ಬೀಗರು ಶಿವಲಿಂಗಯ್ಯನವರು ತಾಯಿ. ಅವರ ಫೋಟೋನ ನಾನು ಇನ್ನೊಬ್ರ ಕೈಗೆ ಹೆಂಗೆ ಕೊಡ್ಲಿ?"

"ಫೋಟೋ ಅವರ್ದಿರ್ಬೋದು. ಕೈ ನನ್ ಮಗಳ್ದಲ್ವೇನ್ರೀ?"

ಮಹದೇವಯ್ಯನವರು ಕನ್ನಡಕ ಮತ್ತೆ ಹಾಕಿಕೊಂಡರು. "ಅದೂ ಅಲ್ದೆ, ಮೂರು ತಿಂಗಳಾದ್ಮೇಲೆ ನಾವು ಹಳೇದನ್ನೆಲ್ಲ ಅಳಿಸ್ಬುಡ್ತೀವಿ," ಎಂದರು.

"ಅಳಿಸಿಲ್ಲ ಸಾರ್. ಇದೆ." ಒಳಗಿನಿಂದ ತನುಶ್ರೀ ಹೇಳಿದಳು.

ಮೇ ತಿಂಗಳಲ್ಲಿ ಕಂಪ್ಯೂಟರಿನಲ್ಲಿ ಜಾಗ ಖಾಲಿ ಮಾಡುವಾಗ ಅವಳು ಆ ಒಂದು ಫೋಲ್ಡರ್ ಬಿಟ್ಟು ಮುಂದೆ ಹೋಗಿದ್ದಳು. ಆಗ ಅದರ ಬಗ್ಗೆ ಯೋಚಿಸಿಯೂ ಇರಲಿಲ್ಲ. ಈಗ ಎದ್ದು ಬಾಗಿಲಿಗೆ ಬಂದು ನಿಂತಳು. "ಅಳಿಸಿದ್ದು ನಾನೇ ಅಮ್ಮ. ಯಾರು ಕೇಳಿದ್ರೂ ಹೇಳ್ತೀನಿ."

ಆ ಭಾನುವಾರ ಕೃಷ್ಣಮೂರ್ತಿಪುರಂನ ಶಿವಲಿಂಗಯ್ಯನವರ ಮನೆಯಲ್ಲಿ ಮಾತುಕತೆ. ಎರಡೂ ಮನೆಯವರು ಮರ್ಯಾದೆ ಕೊಡುತ್ತಿದ್ದ ನಿವೃತ್ತ ಪ್ರಿನ್ಸಿಪಾಲ್ ಸಿದ್ದಲಿಂಗಸ್ವಾಮಿ ಮಧ್ಯದ ಸೋಫಾದಲ್ಲಿ ಕೂತಿದ್ದರು. ಒಂದು ಬದಿಗೆ ಶಿವಲಿಂಗಯ್ಯ ಮತ್ತು ಅವರ ಮಗ, ಸುಷ್ಮಾಳ ಗಂಡ ಶಿವಪ್ರಕಾಶ್. ಎದುರಿಗೆ ದಾಕ್ಷಾಯಣಮ್ಮ ಮತ್ತು ಸುಷ್ಮಾ. ಸುಷ್ಮಾಳ ತೊಡೆಯ ಮೇಲೆ ಮಗು ಮಲಗಿತ್ತು. ಟೀಪಾಯಿಯ ಮೇಲೆ ದಪ್ಪ ಹೊದಿಕೆಯ ಆಲ್ಬಂ. ತನುಶ್ರೀಗೂ ಕಾಫಿ ಬಂತು. ಅವಳು ಕುಡಿಯಲಿಲ್ಲ.

ತಂದಿದ್ದ ಪ್ರಿಂಟನ್ನು ಆಲ್ಬಮ್ಮಿನ ಪಕ್ಕದಲ್ಲಿಟ್ಟಳು. ಅದೇ ಆರತಿ, ಅದೇ ನಗು. ಒಂದರಲ್ಲಿ ತೋಳು ಹಾಲಿನಂತಿತ್ತು, ಇನ್ನೊಂದರಲ್ಲಿ ಐದು ಗುರುತು. ಸಿದ್ದಲಿಂಗಸ್ವಾಮಿಯವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ನಿಜವಾದ್ದು ಯಾವ್ದಮ್ಮ?"

"ಗುರುತಿರೋದು ಸಾರ್. ಕ್ಯಾಮೆರಾದಿಂದ ಬಂದಿದ್ದು ಹಿಂಗೇ. ಆಲ್ಬಂಗೆ ನಾನೇ ಅಳಿಸ್ದೆ."

ಶಿವಪ್ರಕಾಶ್ ಸಿಟ್ಟಾಗಲಿಲ್ಲ. ಮೆಲ್ಲಗೆ ಕೇಳಿದ: "ಅಳಿಸೋಕೆ ಬರೋರಿಗೆ ಬರಿಯೋಕೆ ಬರಲ್ವಾ? ಅದನ್ನೊಂಚೂರು ಕೇಳಿ ಸಾರ್."

"ಬರುತ್ತೇನಮ್ಮ?"

ತನುಶ್ರೀ ಇಲ್ಲ ಎಂದುಬಿಡಬಹುದಿತ್ತು. ಸುಳ್ಳು ಹೇಳಲು ಅವಳು ಅಲ್ಲಿಗೆ ಬಂದಿರಲಿಲ್ಲ.

"ಬರುತ್ತೆ ಸಾರ್. ಆದ್ರೆ ನಾನು ಬರೆದಿಲ್ಲ."

"ಎಷ್ಟೊತ್ತು ಬೇಕು, ಇಂಥದ್ದು ಮಾಡೋಕೆ?" ಶಿವಲಿಂಗಯ್ಯ ಕೇಳಿದರು.

"ಹತ್ತು ನಿಮಿಷ."

ಅವರು ಹಿರಿಯರ ಕಡೆ ನೋಡಿ, ಕೇಳಿದ್ರಲ್ಲ ಎನ್ನುವಂತೆ ಕೈ ತೋರಿಸಿದರು. ತನುಶ್ರೀ ಫೈಲಿನ ತಾರೀಖು, ಕ್ಯಾಮೆರಾದ ವಿವರ ಎಂದು ಏನೇನೋ ಹೇಳಲು ಹೊರಟಳು. ಅಲ್ಲಿದ್ದವರಲ್ಲಿ ಯಾರಿಗೂ ಅದು ತಲೆಗೆ ಹೋಗಲಿಲ್ಲ. "ಈಗೆಲ್ಲ ಫೋನಿನಲ್ಲೇ ಸತ್ತೋರನ್ನ ಕುಣಿಸ್ತಾರೆ, ಇದ್ಯಾವ ಮಹಾ," ಎಂದ ಶಿವಪ್ರಕಾಶ್. ಅವಳು ಎರಡು ಚಿತ್ರಗಳನ್ನೂ ಅವರ ಕಣ್ಣಿನಿಂದಲೇ ನೋಡಿದಳು. ತಾನು ತಿದ್ದಿದ್ದೇ ಸಹಜವಾಗಿತ್ತು. ನಿಜವಾದದ್ದು, ಕಂದಿದ ಬಣ್ಣ ಬಳಿದಂತೆ, ನಕಲಿಯಂತೆ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ಕೆಲಸ ಕಲಿತಿದ್ದಳು.

ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ತನುಶ್ರೀ ಅವರನ್ನು ಕೇಳಿದಳು: "ಅಮ್ಮ, ಅವತ್ತು ನೀವೇ ಹೇಳಿದ್ರಲ್ಲ, ಬಾಗ್ಲಿಗೆ ತಾಕಿದೆ, ತೆಗೆದ್ಬುಡು ಅಂತ."

"ಮೊಡವೆಗಿಡವೆ ತೆಗಿ ಅಂದಿರ್ಬೋದು. ಕೈ ವಿಚಾರ ನಂಗೇನ್ ಗೊತ್ತು?" ಎಂದು, ಲೋಟಗಳನ್ನೂ ತೆಗೆದುಕೊಳ್ಳದೆ ಅವರು ಒಳಗೆ ಹೋದರು.

"ಸರಿ, ಫೋಟೋ ವಿಷಯ ಅಲ್ಲಿಗೆ ಬುಡೋಣ," ಎಂದರು ಶಿವಲಿಂಗಯ್ಯ.

"ಬುಡಿ," ಎಂದಳು ಸುಷ್ಮಾ.

ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ಎಲ್ಲರೂ ತಿರುಗಿದರು.

"ಒಂದು ಗಂಟೆಯಿಂದ ಎಲ್ರೂ ಫೋಟೋನೇ ಕೇಳ್ತಿದೀರ. ಇದು ನಿಜಾನಾ, ಅದು ನಿಜಾನಾ ಅಂತ. ನಾನು ಇಲ್ಲೇ ಕೂತಿದೀನಲ್ಲ ಸಾರ್. ನನ್ನನ್ನ ಯಾರಾದ್ರೂ ಕೇಳಿದ್ರಾ?"

ಸಿದ್ದಲಿಂಗಸ್ವಾಮಿಯವರು ಪ್ರಿಂಟನ್ನು ಕೆಳಗಿಟ್ಟರು. "ಹೇಳಮ್ಮ."

ಅವಳು ಹೇಳಿದಳು. ಸೀಮಂತದ ಹಿಂದಿನ ದಿನ, ತವರಿನವರು ತಂದ ಸೀರೆ ಸಾದಾ ಆಯಿತೆಂದು ಗಂಡ ಆಡಿಕೊಂಡದ್ದು. ಅದರಲ್ಲೇನಿದೆ ಎಂದು ಅವಳು ಎದುರು ಹೇಳಿದ್ದು. ತೋಳು ಹಿಡಿದು ಗೋಡೆಗೆ ಒತ್ತಿ ನಿಲ್ಲಿಸಿ, ತಪ್ಪಾಯಿತು ಅನ್ನುವವರೆಗೆ ಬಿಡದೇ ಇದ್ದದ್ದು. ಹೊಟ್ಟೆಯಲ್ಲಿ ಮಗು ಒದೆಯುತ್ತಿದ್ದದ್ದು. ಅದೇ ಮೊದಲಲ್ಲ ಎಂದಳು. ಮೊದಲನೆಯದರ ತಿಂಗಳು, ಕಾರಣ ಎಲ್ಲ ಹೇಳಿದಳು. ಅವಳ ದನಿ ಏರಲಿಲ್ಲ. ಶಿವಪ್ರಕಾಶ್ ಒಮ್ಮೆ "ನಾಟಕ" ಎಂದ. ಆಮೇಲೆ ಫೋನ್ ನೋಡುತ್ತ ಕೂತ.

ಸಿದ್ದಲಿಂಗಸ್ವಾಮಿಯವರು ಕೊನೆಗೆ, "ದುಡುಕೋದು ಬೇಡ. ಆಷಾಢ ಕಳೀಲಿ. ಶ್ರಾವಣದಲ್ಲಿ ಇನ್ನೊಂದ್ಸಲ ಕೂತು ಮಾತಾಡೋಣ," ಎಂದರು.

ಸುಷ್ಮಾ ಮಗುವನ್ನು ತಾಯಿಯ ಕೈಗೆ ಕೊಟ್ಟು ಎದ್ದಳು. ಟೀಪಾಯಿಯ ಮೇಲಿಂದ ಪ್ರಿಂಟನ್ನು ತೆಗೆದುಕೊಂಡು ಹೊರಗೆ ನಡೆದಳು.

ದಾಕ್ಷಾಯಣಮ್ಮ ಆಟೋ ಹುಡುಕುತ್ತಿದ್ದಾಗ ತನುಶ್ರೀ ಸುಷ್ಮಾಳ ಹತ್ತಿರ ಹೋದಳು. "ನನ್ನಿಂದ ತಪ್ಪಾಯ್ತು," ಎಂದಳು.

"ಅವತ್ತು ನೀವು ಏನಾದ್ರೂ ಕೇಳ್ತೀರಿ ಅಂದ್ಕೊಂಡಿದ್ದೆ," ಎಂದಳು ಸುಷ್ಮಾ.

"ಕೇಳಿದ್ರೆ ಹೇಳ್ತಿದ್ರಾ?"

"ಗೊತ್ತಿಲ್ಲ. ಅತ್ತೆ ಇದ್ರಲ್ಲ. ನಾನೂ ಬಾಗ್ಲು ಅಂತ್ಲೇ ಹೇಳ್ತಿದ್ನೇನೋ." ಸ್ವಲ್ಪ ತಡೆದು, "ಆದ್ರೂ ಕೇಳ್ಬೇಕಿತ್ತು," ಎಂದಳು.

ಆಟೋ ಬಂತು. ಮರುದಿನ ತಾಯಿ ಮಗಳು ಮಹಿಳಾ ಠಾಣೆಗೆ ಹೋಗಿ ದೂರು ಕೊಟ್ಟರು. ವಾರದ ನಂತರ ತನುಶ್ರೀಗೆ ಕರೆ ಬಂತು. ಠಾಣೆಯ ಬೆಂಚಿನ ಮೇಲೆ ಕೂತು ಅವಳು ಹೇಳಿಕೆ ಕೊಟ್ಟಳು. ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ, "ಬೆರಳಿನ ಗುರುತು ಅಂತ ನಿಮಗೆ ಆಗ್ಲೇ ಗೊತ್ತಿತ್ತಾ?" ಎಂದು ಕೇಳಿದರು. "ಗೊತ್ತಿತ್ತು," ಎಂದಳು. ಪೇದೆ ಒಮ್ಮೆ ತಲೆಯೆತ್ತಿ ನೋಡಿ ಅದನ್ನೂ ಬರೆದುಕೊಂಡರು.

ಹಾರ್ಡ್ ಡಿಸ್ಕನ್ನು ಪರೀಕ್ಷೆಗೆ ಕಳಿಸಬೇಕಾಯಿತು. ಮಹದೇವಯ್ಯನವರು ಎರಡು ದಿನ ಗೊಣಗಿದರು. ಮೂರನೆಯ ದಿನ ತಾವೇ ಠಾಣೆಗೆ ಹೋಗಿ, ಆ ಫೋಟೋ ತೆಗೆದದ್ದು ತಾವೇ, ಗುರುತುಗಳು ಆಗಲೇ ಇದ್ದವು ಎಂದು ಸಹಿ ಹಾಕಿ ಬಂದರು. ಶಿವಲಿಂಗಯ್ಯನವರ ಪರಿಚಯದ ಎರಡು ಮನೆಯವರು ಶ್ರಾವಣದ ಮದುವೆಗಳಿಗೆ ಬೇರೆ ಸ್ಟುಡಿಯೋ ಹಿಡಿದರು. ಅದರ ಬಗ್ಗೆ ಮಹದೇವಯ್ಯನವರು ತನುಶ್ರೀಗೆ ಒಂದು ಮಾತೂ ಆಡಲಿಲ್ಲ. ಡಿಸೆಂಬರ್ ಬಂದರೂ ಡಿಸ್ಕಿನ ವರದಿ ಬಂದಿರಲಿಲ್ಲ. ಸುಷ್ಮಾ ತವರಿನಲ್ಲೇ ಉಳಿದು, ಹತ್ತಿರದ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳು.

ತನುಶ್ರೀ ಈಗಲೂ ಅದೇ ಕೆಲಸ ಮಾಡುತ್ತಾಳೆ. ಮೊನ್ನೆ ಒಬ್ಬಳು ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದಿದ್ದಳು. ಹುಬ್ಬಿನ ಮೇಲೆ ಹೊಸ ಹೊಲಿಗೆಯ ಗುರುತು. ಜೊತೆಗೆ ಬಂದವರು ಯಾರೂ ಇರಲಿಲ್ಲ.

"ಏನಾಯ್ತು ಇದು?" ಎಂದು ತನುಶ್ರೀ ಕೇಳಿದಳು.

"ಅಯ್ಯೋ, ಸ್ಕೂಟರಿಂದ ಬಿದ್ದೆ ಕಣ್ರೀ," ಎಂದು ಅವಳು ನಕ್ಕು, ರಿಂಗ್ ರೋಡಿನ ಹಂಪ್, ಅಡ್ಡ ಬಂದ ನಾಯಿ, ನೀರು ಕೊಟ್ಟ ಎಳನೀರಿನವನು ಎಂದು ಎಲ್ಲವನ್ನೂ ಬಿಡದೆ ಹೇಳಿದಳು. ತನುಶ್ರೀ ಅವಳ ಮುಖವನ್ನೇ ನೋಡುತ್ತ ಕೇಳಿದಳು. ನಿಜವೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ.