ನೀಲಿ ಡಬ್ಬಿಯ ಬಂಗುಡೆ

ಹೆಣ್ಣು ನೋಡಲು ಬಂದವರ ಕಾರು ಗೇಟಿನ ಹತ್ತಿರ ನಿಲ್ಲುವಾಗ ರಿಝಾನಾ ಫ್ರಿಜ್ಜಿನೊಳಗೆ ತಲೆ ಹಾಕಿ ನಿಂತಿದ್ದಳು. ಅಲ್ಲಿರಬೇಕಿದ್ದ ಎರಡು ಡಬ್ಬಿಗಳೂ ಇರಲಿಲ್ಲ.

ಅವಳು ಮಣಿಪಾಲದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಪೇರಳೆ ಎಲೆ ಕುದಿಸಿ ತೆಗೆದ ರಸ ಮೀನು ಕೆಡುವುದನ್ನು ತಡೆಯುತ್ತದೆಯೇ ಎಂಬುದು ಅವಳ ಪ್ರಾಜೆಕ್ಟು. ಲ್ಯಾಬಿನ ತಟ್ಟೆಗಳಲ್ಲಿ ಆ ರಸ ಬ್ಯಾಕ್ಟೀರಿಯಾವನ್ನು ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ. ಮೀನಿನ ಎಣ್ಣೆ ಕಮಟಾಗುವುದನ್ನೂ ನಿಧಾನಗೊಳಿಸಿತ್ತು. ಮನೆಯ ಫ್ರಿಜ್ಜಿನಲ್ಲಿ ಏನಾಗುತ್ತದೋ ನೋಡೋಣವೆಂದು ಸೋಮವಾರ ಉಚ್ಚಿಲದ ಮನೆಗೆ ತಾಜಾ ಬಂಗುಡೆ ತಂದು, ಅರ್ಧವನ್ನು ರಸದಲ್ಲಿ ಅದ್ದಿ ನೀಲಿ ಡಬ್ಬಿಯಲ್ಲೂ ಉಳಿದದ್ದನ್ನು ಹಾಗೆಯೇ ಕೆಂಪು ಡಬ್ಬಿಯಲ್ಲೂ ಇಟ್ಟಿದ್ದಳು. ಇವತ್ತು ಶುಕ್ರವಾರ.

“ಉಮ್ಮಾ, ನನ್ನ ಮೀನು ಎಲ್ಲಿ?”

ತಾಯಿ ಸಫಿಯಾ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ. “ಅದು ನಿನ್ನದಾ? ಅಣ್ಣ ತಂದದ್ದು ಅಂತ ಗ್ರಹಿಸಿದೆ. ಕೆಂಪು ಡಬ್ಬಿಯದ್ದು ನಾರುತ್ತಿತ್ತು ಮಾರಾಯ್ತಿ, ತೆಂಗಿನ ಬುಡಕ್ಕೆ ಹಾಕಿದೆ. ನೀಲಿಯದ್ದು ಒಳ್ಳೆದುಂಟು. ಮಸಾಲೆ ಹಚ್ಚಿ ಕಾಯಿಸ್ತಾ ಇದ್ದೇನೆ.”

ಯಾವುದರಲ್ಲಿ ಎಂತ ಉಂಟೆಂದು ಗೊತ್ತಿಲ್ಲದೆಯೇ ಉಮ್ಮ ಮೂಗಿನಿಂದಲೇ ಪರೀಕ್ಷೆ ಮುಗಿಸಿದ್ದಳು! ರಿಝಾನಾ ಖುಷಿಯಿಂದ ಕಿರುಚಿದಳು, ತಾಯಿಯನ್ನು ತಬ್ಬಿ ಗಿರಗಿರನೆ ತಿರುಗಿಸಿದಳು. ಸಟ್ಟುಗ ಠಣ್ಣೆಂದು ನೆಲಕ್ಕೆ ಬಿತ್ತು.

ಬಾಗಿಲಲ್ಲಿ ಕಾಪುವಿನ ಹಫೀಝಾ ಮತ್ತು ಅವರ ಮಗ ಶಮೀರ್ ಗಾಬರಿಯಾಗಿ ನಿಂತಿದ್ದರು. “ಎಂತ ಆಯಿತು?” ಎಂದು ಕೇಳಿದರು ಹಫೀಝಾ.

“ಎಂತದೂ ಇಲ್ಲ, ಬನ್ನಿ ಬನ್ನಿ,” ಎಂದರು ಸಫಿಯಾ, ತಲೆವಸ್ತ್ರ ಸರಿಮಾಡಿಕೊಳ್ಳುತ್ತಾ.

ಊಟಕ್ಕೆ ಕುಳಿತಾಗ ಹಫೀಝಾ ಬಂಗುಡೆಯನ್ನು ಬಾಯಿ ತುಂಬ ಹೊಗಳಿದರು. “ಈಗಷ್ಟೇ ದೋಣಿಯಿಂದ ಇಳಿಸಿದ ಹಾಗೆ ಉಂಟು.”

ರಿಝಾನಾಳಿಗೆ ನಗು ತಡೆಯಲಾಗಲಿಲ್ಲ. ನೀರು ನೆತ್ತಿಗೇರಿತು. ಕೆಮ್ಮುತ್ತ, ನಗುತ್ತ ಎಲ್ಲವನ್ನೂ ಹೇಳಿಬಿಟ್ಟಳು.

“ಸೋಮವಾರದ್ದಾ?” ಹಫೀಝಾರ ಕೈ ತಟ್ಟೆಯ ಮೇಲೆಯೇ ನಿಂತಿತು. ಸಫಿಯಾ ಮಗಳನ್ನು ನುಂಗುವಂತೆ ನೋಡಿದರು.

ಮೀನಿಗೆ ಐಸ್ ಮಾಡುವ ಪ್ಲಾಂಟ್ ನೋಡಿಕೊಳ್ಳುತ್ತಿದ್ದ ಶಮೀರ್ ಮಾತ್ರ ಮುಂದೆ ಬಾಗಿದ. “ರಸ ಹಾಕದ್ದು ಕೆಟ್ಟಿತ್ತಲ್ವಾ? ಎರಡೂ ಒಂದೇ ದಿನದ ಮೀನಾ?”

“ಒಂದೇ ದಿನ, ಒಂದೇ ಬುಟ್ಟಿ, ಫ್ರಿಜ್ಜಿನಲ್ಲಿ ಒಂದೇ ಕಡೆ,” ಎಂದಳು ರಿಝಾನಾ. ಅವನ ಮುಖವನ್ನು ಅವಳು ಸರಿಯಾಗಿ ನೋಡಿದ್ದೇ ಆಗ.

“ಹಾಗಾದರೆ ನಿಮ್ಮ ರಸ ಗೆದ್ದಿತು.” ಅವನು ಇನ್ನೊಂದು ತುಂಡು ಬಡಿಸಿಕೊಂಡ.

ಹಫೀಝಾ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದರು. “ನನಗೂ ಒಂದು ಬಾಟ್ಲಿ ಕೊಡು ಮಗಳೇ,” ಎಂದರು. ಸಫಿಯಾರಿಗೆ ಹೋದ ಜೀವ ಬಂತು.

ಸಂಜೆ ರಿಝಾನಾ ತನ್ನ ಪ್ರಾಜೆಕ್ಟಿನ ಗೈಡ್ ಜೋಸ್ಲಿನ್ ಮೇಡಂಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. “ಒಂದು ಸಲ ಆದದ್ದು ಫಲಿತಾಂಶ ಅಲ್ಲ. ಲ್ಯಾಬಿನಲ್ಲಿ ಪುನಃ ಮಾಡು,” ಎಂದರು ಅವರು. ನಂತರ ಕೇಳಿದರು, “ಹುಡುಗ ಹೇಗಿದ್ದಾನೆ?”

“ರಸ ಹಾಕದ ಮೀನಿನ ಬಗ್ಗೆ, ಕಂಟ್ರೋಲ್ ಬಗ್ಗೆಯೇ ಕೇಳಿದ ಮೇಡಂ!”

ಮರುವಾರ ಶಮೀರ್ ಬುಟ್ಟಿ ತುಂಬ ಬಂಗುಡೆ ಹಿಡಿದು ಮಣಿಪಾಲದ ಲ್ಯಾಬಿಗೇ ಬಂದ. ರಿಝಾನಾ ಅವನ ಕೈಗೂ ಒಂದು ಜೊತೆ ಗ್ಲೌಸ್ ಕೊಟ್ಟಳು.