ಮುಂದಿನ ಎಡಚಕ್ರದ ರಬ್ಬರು

ಮೆತ್ತಣ್ಣನ ಪೆಟ್ಟಿಗೆಯನ್ನು ಮೂರನೇ ಮಹಡಿಯಿಂದ ನಾನೊಬ್ಬನೇ ಎಡಹೆಗಲ ಮೇಲೆ ಹೊತ್ತು, ಬಲಗೈಯಲ್ಲಿ ಮೀಸೆ ತಿರುವುತ್ತಾ ಇಳಿಸುತ್ತಿದ್ದೆ. ಕೆಳಗೆ ಬೀದಿಯಲ್ಲಿ ಹತ್ತು ಸಾವಿರ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಇನ್ನೂ ಮೂವರು ಪೆಟ್ಟಿಗೆಗೆ ಕೈ ಹಚ್ಚಿದ್ದರು ಎನ್ನುವುದೇನೋ ನಿಜ. ಆದರೆ ಅದು ಶಾಸ್ತ್ರಕ್ಕೆ. ಭಾರವೆಲ್ಲ ನನ್ನದೇ.

ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆಯ ಮೂಲೆ ಗೋಡೆಗೆ ತಾಗಿ ಸುಣ್ಣ ಉದುರಿತು.

"ಲೇ ಬಡಾಯಿ, ನಿನ್ನ ಕಡೆ ಎತ್ತೋ! ಮೀಸೆ ಆಮೇಲೆ ತಿರುವ್ಕೋ" ಎಂದ ಟಿಂಕರ್. ನಜ್ಜುಗುಜ್ಜಾದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುವವನು ಅವನು. ಮಾತಾಡಿದರೂ ಸುತ್ತಿಗೆಯಲ್ಲೇ ಮಾತಾಡುತ್ತಾನೆ.

"ನಾನು ಎತ್ತಿರೋದಕ್ಕೇ ಕಣೋ ಇದಿನ್ನೂ ಮೇಲಿರೋದು."

"ಮೆತ್ತಗೆ, ಮೆತ್ತಗೆ!" ಎಂದ ಹಿಂದಿನಿಂದ ಹೆಣದ ವ್ಯಾನಿನ ಡ್ರೈವರ್.

ಗ್ಯಾರೇಜಿನವರಾದ ನಾವಿಬ್ಬರೂ ನಿಂತಲ್ಲೇ ನಿಂತುಬಿಟ್ಟೆವು. ಆ ಮಾತು ನಮ್ಮಲ್ಲಿ ಒಬ್ಬನದೇ ಆಗಿತ್ತು. ಕಾರಿನ ಬಾಗಿಲು ಹಾಕಿದರೆ ಮೆತ್ತಗೆ, ಬೋಲ್ಟು ಬಿಗಿ ಮಾಡಿದರೆ ಮೆತ್ತಗೆ, ಮಾಲೀಕರು ಕೂಗಾಡಿದರೆ ಅವರಿಗೂ ಮೆತ್ತಗೆ. ಅದಕ್ಕೇ ಅವನು ಮೆತ್ತಣ್ಣ. ಈಗ ಅವನು ಒಳಗಿದ್ದ.

ಕೆಳಗೆ ಬಂದು ನೋಡಿದರೆ, ಹತ್ತು ಸಾವಿರದಲ್ಲಿ ಹೆಚ್ಚಿನವರು ಇನ್ನೂ ದಾರಿಯಲ್ಲಿದ್ದರೆಂದು ಕಾಣುತ್ತದೆ. ಬಂದವರು ಒಂಬತ್ತು ಮಂದಿ. ಗ್ಯಾರೇಜಿನ ಮಾಲೀಕರು ಬಂದಿರಲಿಲ್ಲ. ಮೆತ್ತಣ್ಣನ ಹೆಂಡತಿ ಯಾರ ಕೈಯನ್ನೂ ಹಿಡಿಯದೆ ವ್ಯಾನು ಹತ್ತಿ, ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಕೂತರು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಪಕ್ಕದಲ್ಲಿ ಮಗಳು. ಎದುರಿಗೆ ನಾನು, ಟಿಂಕರ್.

ಮೊದಲನೇ ಗುಂಡಿಗೆ ವ್ಯಾನು ಢಬ್ ಎಂದಿತು. ಕಬ್ಬಿಣಕ್ಕೆ ಕಬ್ಬಿಣ ಹೊಡೆದ ಸದ್ದು. ಪೆಟ್ಟಿಗೆ ಹಾರಿ ಕೂತಿತು. ನಾನೂ ಟಿಂಕರೂ ಮುಖ ಮುಖ ನೋಡಿಕೊಂಡೆವು.

"ಸ್ಟಾಪರ್ ಹೋಗಿದೆ" ಎಂದ ಅವನು.

"ಬೂಟೂ ಹೋಗಿದೆ" ಎಂದೆ ನಾನು.

ಚಕ್ರದ ಮೇಲೆ, ಸ್ಪ್ರಿಂಗಿನ ಒಳಗೆ, ಶಾಕ್ ಅಬ್ಸಾರ್ಬರಿನ ಹೊಳೆಯುವ ಸರಳು ಇರುತ್ತದೆ. ಅದರ ಮೈಗೆ ಧೂಳು ತಾಗದಂತೆ ನೆರಿಗೆ ನೆರಿಗೆಯಾದ ಒಂದು ರಬ್ಬರ್ ತೋಳು, ಅದು ಬೂಟು. ಚಕ್ರ ಗುಂಡಿಗೆ ಬಿದ್ದಾಗ ಕೊನೆಯ ಪೆಟ್ಟು ತಿನ್ನಲು ಮುಷ್ಟಿಗಾತ್ರದ ಒಂದು ಮೆತ್ತನೆ ಉಂಡೆ, ಅದು ಸ್ಟಾಪರ್. ಎರಡೂ ಹರಿದರೂ ಕಾರು ಓಡುತ್ತದೆ, ಅದಕ್ಕೇ ಅವನ್ನು ಯಾರೂ ಕೇಳುವುದಿಲ್ಲ. "ಕಬ್ಬಿಣಕ್ಕೆ ಎಲ್ಲಾರೂ ಮರ್ಯಾದೆ ಕೊಡ್ತಾರೆ, ಏಟು ತಿನ್ನೋದು ಮಾತ್ರ ರಬ್ಬರು" ಎನ್ನುತ್ತಿದ್ದ ಮೆತ್ತಣ್ಣ.

"ಏನಪ್ಪಾ, ಇದನ್ನ ಬದಲಾಯಿಸಬಾರ್ದಾ?" ಎಂದು ಟಿಂಕರ್ ಡ್ರೈವರನ್ನು ಕೇಳಿದ.

"ಹಿಂದೆ ಮಲಗೋರು ಇವತ್ತಿನವರೆಗೂ ಒಬ್ಬರೂ ಕಂಪ್ಲೇಂಟ್ ಕೊಟ್ಟಿಲ್ಲ ಸಾರ್."

ನನಗೆ ನಗು ಬಂತು. ಅತ್ತಿಗೆ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಆ ನೀಲಿ ಕಾರಿಗೂ ಇದೇ ಆಗಿದ್ದಲ್ವಾ?"

ನಾನು ಕಿಟಕಿಯ ಹೊರಗೆ ನೋಡಿದೆ.

"ನಿನ್ನನ್ನೇ ಕೇಳ್ತಿರೋದು. ಹನ್ನೆರಡು ವರ್ಷ ನಾನು ಇವರನ್ನ ಚುಚ್ಚಿದೀನಿ. ಊಟಕ್ಕೆ ಕೂತ್ರೆ ಚುಚ್ಚಿದೀನಿ, ಜ್ವರ ಬಂದು ಮಲಗಿದ್ರೆ ಚುಚ್ಚಿದೀನಿ. ಒಂದು ರಬ್ಬರು ಹಾಕೋಕಾಗಲಿಲ್ವಾ ನಿಮ್ಮ ಕೈಲಿ ಅಂತ. ಕೇಳಿದ್ರೆ ಎದ್ದು ಹೋಗಿಬಿಡೋರು. ಇವರು ಹಾಕಿದ್ರೋ, ಇಲ್ವೋ? ನೀನು ಜೊತೆಗಿದ್ದೋನು. ಮಣ್ಣು ಹಾಕೋಕೆ ಮುಂಚೆ ಹೇಳು. ನಂದು ತಪ್ಪಾದ್ರೆ ಮುಖ ನೋಡಿಕೊಂಡೇ ತಪ್ಪಾಯ್ತು ಅಂತ ಒಂದು ಮಾತು ಕೇಳ್ಕೋಬೇಕು ನಾನು."

"ಹೇಳ್ತೀನಿ ಅತ್ತಿಗೆ, ಹೇಳ್ತೀನಿ" ಎಂದೆ. ವ್ಯಾನು ಮತ್ತೆ ಢಬ್ ಎಂದಿತು.

*

ಆ ನೀಲಿ ಕಾರನ್ನು ಎಳೆದು ತಂದ ದಿನ ಗ್ಯಾರೇಜಿನಲ್ಲಿ ಭೂಕಂಪವಾದಂತಾಯಿತು. ಎರಡು ತಿಂಗಳ ಹಿಂದಷ್ಟೇ ನಾಲ್ಕೂ ಚಕ್ರಕ್ಕೆ ಹೊಸ ಬೂಟು, ಹೊಸ ಸ್ಟಾಪರ್ ಹಾಕಿಸಿಕೊಂಡು ಹೋಗಿದ್ದ ಕಾರು. ಹೆದ್ದಾರಿಯ ಗುಂಡಿಯೊಂದಕ್ಕೆ ಮುಂದಿನ ಎಡಚಕ್ರ ಬಿದ್ದು, ಪಕ್ಕದ ಸೀಟಿನಲ್ಲಿದ್ದ, ಕಾರಿನವನ ತಾಯಿಯ ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಮುದುಕಿ ಆಮೇಲೆ ನೆಟ್ಟಗೆ ನಡೆಯಲೇ ಇಲ್ಲವಂತೆ.

ಮಾಲೀಕರು ಚಕ್ರ ಬಿಚ್ಚಿಸಿದರು. ಒಳಗೆ ಹಳೆಯ ಬೂಟು ಬಾಳೆಹಣ್ಣಿನ ಸಿಪ್ಪೆಯಂತೆ ಸೀಳಿತ್ತು. ಸ್ಟಾಪರ್ ಇದ್ದ ಜಾಗದಲ್ಲಿ ಹಿಡಿ ಪುಡಿ. ಮೇಲಿನ ನಟ್ಟಿನ ಮೇಲೆ ಮಾತ್ರ ಹಳದಿ ಬಣ್ಣದ ಗೀಟು. ನಮ್ಮಲ್ಲಿ ಕೆಲಸ ಮುಗಿಸಿದವನು ತನ್ನ ಬಣ್ಣದಲ್ಲಿ ನಟ್ಟಿಗೆ ಗೀಟೆಳೆಯಬೇಕು. ಹಳದಿ ಮೆತ್ತಣ್ಣನದು. ಕೆಲಸ ಬರೆದಿಡುವ ಕಾರ್ಡಿನ ಮೇಲಿನ ಸಹಿಯೂ ಅವನದೇ.

"ಇದು ನಿನ್ನ ಗೀಟು ತಾನೇ?"

ಮೆತ್ತಣ್ಣ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಆಗ ಸ್ಪ್ಯಾನರುಗಳನ್ನು ಅಳತೆ ಪ್ರಕಾರ ಜೋಡಿಸುತ್ತಿದ್ದೆ. ಜಗತ್ತಿನಲ್ಲಿ ಯಾರೂ ಅಷ್ಟು ಚೆನ್ನಾಗಿ ಸ್ಪ್ಯಾನರ್ ಜೋಡಿಸಿರಲಿಕ್ಕಿಲ್ಲ.

"ಬಣ್ಣ ನಂದೇ" ಎಂದ ಅವನು.

ಅಂದೇ ಕೆಲಸ ಹೋಯಿತು. ಹಳೇ ರಬ್ಬರ್ ಹಾಕಿ ಹೊಸದೆಂದು ಕೊಡುವವನು ಎಂಬ ಹೆಸರು ಅವನಿಗಿಂತ ಮುಂಚೆ ಬೀದಿಯ ಎಲ್ಲ ಗ್ಯಾರೇಜುಗಳಿಗೂ ತಲುಪಿತ್ತು. ಕೊನೆಗೆ ಕಾರ್ ಪಾರ್ಕಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸ ಸಿಕ್ಕಿತು. ಒಳಗೆ ಬರುವ ಪ್ರತಿ ಕಾರಿನ ಸದ್ದಿಗೂ ಅವನ ಕಿವಿ ನೆಟ್ಟಗಾಗುತ್ತಿತ್ತು. "ಸಾರ್, ಬಲಗಡೆ ಸ್ಟಾಪರ್ ಹೋಗಿದೆ, ಬೇಗ ಹಾಕಿಸ್ಕೊಳ್ಳಿ" ಎನ್ನುತ್ತಿದ್ದ. "ನೀನು ಟಿಕೆಟ್ ಕೊಡಪ್ಪ ಸಾಕು" ಎನ್ನುತ್ತಿದ್ದರು ಅವರು. ಹನ್ನೆರಡು ವರ್ಷ ಹೀಗೇ. ಆಮೇಲೆ ಎದೆನೋವು, ಒಂಬತ್ತು ದಿನ ಆಸ್ಪತ್ರೆ.

*

ಗುಂಡಿಯ ಪಕ್ಕ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದರು. ಮುಖ ಕ್ಷೌರ ಮಾಡಿಸಿಕೊಂಡು ಬಂದವನಂತೆ ನುಣ್ಣಗಿತ್ತು. ಅತ್ತಿಗೆ ತಲೆಯ ಹತ್ತಿರ ನಿಂತು ನನ್ನನ್ನು ಕರೆದರು.

"ಈಗ ಹೇಳು. ಹಾಕಿದ್ರೋ, ಇಲ್ವೋ?"

ಎಲ್ಲರೂ ನನ್ನ ಬಾಯಿ ನೋಡಿದರು. ಸುಮ್ಮನೆ 'ಇಲ್ಲ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ನಾಲಿಗೆಗೆ ಒಂದೇ ಮಾತಿನಲ್ಲಿ ನಿಲ್ಲಿಸಿ ಗೊತ್ತಿಲ್ಲ.

"ಮರೆವು ಯಾರಿಗೆ ಆಗಲ್ಲ ಅತ್ತಿಗೆ? ಆವತ್ತು ಸಂಜೆ ಬಿರುಗಾಳಿ ಬಂದು ಗ್ಯಾರೇಜಿನ ತಗಡೆಲ್ಲ ಹಾರಿಹೋಯ್ತಲ್ಲ, ಅದೇ ದಿನ. ನಾನೊಬ್ಬನೇ ಮೇಲೆ ಹತ್ತಿ, ಎರಡು ಕೈಯಲ್ಲೂ ತಗಡು ಹಿಡ್ಕೊಂಡು ನಿಂತಿದ್ದೆ. ಕೆಳಗೆ ಅಣ್ಣ ಎಡಚಕ್ರ ಬಿಚ್ಚಿ ಕೂತಿದ್ದ. ಗದ್ದಲದಲ್ಲಿ ಗಮನ ತಪ್ಪಿ ಹಳೇದನ್ನೇ ವಾಪಸ್ ಹಾಕಿಬಿಟ್ಟ. ನಾನು ಮೇಲಿಂದ ಕಣ್ಣಾರೆ ನೋಡಿದೆ."

ಅತ್ತಿಗೆಯ ಮುಖದಲ್ಲಿ ಏನೂ ಅಲುಗಲಿಲ್ಲ.

"ಸರಿ" ಎಂದರು. "ಹಾಗಾದ್ರೆ ನಾನು ಅಂದಿದ್ದು ತಪ್ಪಲ್ಲ."

ಬಗ್ಗಿ ಅವನ ಮುಖ ಮುಟ್ಟಲು ಹೋಗಿದ್ದ ಕೈಯನ್ನು ಹಿಂದೆ ತೆಗೆದುಕೊಂಡರು. ಮುಚ್ಚಳ ಹಾಕಿ ಇಳಿಸಿದರು. ಅತ್ತಿಗೆ ಒಂದು ಹಿಡಿ ಮಣ್ಣನ್ನು, ಪಾಲಿಗೆ ಬಂದ ಕೆಲಸ ಮುಗಿಸುವವರಂತೆ, ಎಸೆದರು. ಟಿಂಕರ್ ಗುದ್ದಲಿ ಹಿಡಿದ. ಕಾಲು ಗಂಟೆಯಲ್ಲಿ ಗುಂಡಿ ದಿಬ್ಬವಾಯಿತು.

ಜನ ಗೇಟಿನ ಕಡೆ ಹೊರಟಾಗ ಮಗಳು ನನ್ನ ಹಿಂದೆಯೇ ಬಂದಳು.

"ಚಿಕ್ಕಪ್ಪ, ಬಿರುಗಾಳಿ ದಿನಾನೇ ಅಂದ್ರಾ?"

"ಹೂಂ ಮಗಳೇ. ಅಂಥ ಗಾಳಿ ನೂರು ವರ್ಷಕ್ಕೊಂದು."

"ಆವತ್ತು ಅಮ್ಮ ಊರಲ್ಲಿರಲಿಲ್ಲ. ಬೆಳಿಗ್ಗೆ ನಾನು ಸ್ಕೂಲಿನ ಗೋಡೆಯಿಂದ ಬಿದ್ದು ಕೈ ಮುರ್ಕೊಂಡಿದ್ದೆ. ಸಂಜೆ ಗಾಳಿಗೆ ಆಸ್ಪತ್ರೆ ಕಿಟಕಿ ಗಾಜು ಒಡೀತು, ಅಪ್ಪ ನನ್ನ ಮೇಲೆ ಕಂಬಳಿ ಹೊದಿಸಿ ಅಡ್ಡ ನಿಂತ್ಕೊಂಡ್ರು. ಮಧ್ಯಾಹ್ನದಿಂದ ಅಪ್ಪ ನನ್ನ ಹತ್ರಾನೇ ಇದ್ರು ಚಿಕ್ಕಪ್ಪ." ಅವಳು ನಿಂತಳು. "ಸಂಜೆ ಎಡಚಕ್ರ ಯಾರು ಹಾಕಿದ್ದು?"

ನನ್ನ ಬಾಯಿಗೆ ಹತ್ತು ಉತ್ತರ ಬಂದವು. ಹತ್ತೂ ಚೆನ್ನಾಗಿದ್ದವು. ಆದರೆ ಅತ್ತಿಗೆ ತಿರುಗಿ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು.

"ನಾನು" ಎಂದೆ.

ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೂರು ಚಕ್ರ ಮುಗಿಸಿ, ನಾಲ್ಕಕ್ಕೂ ಸೇರಿಸಿ ಮುಂಚೆಯೇ ಕಾರ್ಡಿಗೆ ಸಹಿ ಹಾಕುವಾಗ ಸ್ಕೂಲಿನಿಂದ ಫೋನ್ ಬಂತು. ಇನ್ನೊಂದು ಉಳಿದಿದೆ ಎಂದ ಮೆತ್ತಣ್ಣ. ಹೋಗಣ್ಣ, ನನಗದು ಎರಡು ನಿಮಿಷದ ಕೆಲಸ ಎಂದೆ. ಅವನು ನಂಬಿದ. ರಬ್ಬರ್ ಬದಲಿಸಬೇಕಾದರೆ ಸ್ಪ್ರಿಂಗನ್ನು ಕ್ಲಾಂಪ್ ಹಾಕಿ ಅದುಮಬೇಕು. ಕ್ಲಾಂಪ್ ಜಾರಿ ಸ್ಪ್ರಿಂಗ್ ಚಿಮ್ಮಿದರೆ ದವಡೆ ಉಳಿಯುವುದಿಲ್ಲ. ನನಗೆ ಸ್ಪ್ರಿಂಗ್ ಎಂದರೆ ಭಯ. ಇಡೀ ಜನ್ಮದಲ್ಲಿ ಒಂದು ಸ್ಪ್ರಿಂಗನ್ನೂ ಒಬ್ಬನೇ ಅದುಮಿದವನಲ್ಲ ನಾನು. ಹಳೇ ಬೂಟಿಗೇ ಕರಿ ಪಾಲಿಶ್ ಹಚ್ಚಿ ಹೊಳೆಯಿಸಿದೆ, ಅವನ ಡಬ್ಬಿಯಿಂದ ಹಳದಿ ಗೀಟೆಳೆದೆ, ಹೊಸ ರಬ್ಬರನ್ನು ಮೋರಿಗೆ ಎಸೆದೆ. ಬಿರುಗಾಳಿ ಬಂದಾಗ ತಗಡು ಹಿಡಿದಿರಲಿಲ್ಲ, ಬೆಂಚಿನ ಕೆಳಗಿದ್ದೆ.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಅವನ ಗೀಟು ದಾರದ ಹಾಗೆ ತೆಳ್ಳಗಿರ್ತಿತ್ತು, ನಂದು ದಪ್ಪ. 'ನೀನೇ ಹೇಳ್ತೀಯ ಅಂತ ಕಾಯ್ತೀನಿ' ಅಂತ ನನಗಂದ, ಒಂದೇ ಸಲ. ಆಮೇಲೆ ಆ ಮಾತೇ ಎತ್ತಲಿಲ್ಲ."

"ನಮಗ್ಯಾಕೆ ಹೇಳಲಿಲ್ಲ?"

ಇದನ್ನು ಹೇಳಬಾರದಿತ್ತು. ಆದರೆ ಒಂದು ಸಲ ನಿಜ ಬಾಯಿಗೆ ಬಂದರೆ ಅದೂ ಬಡಾಯಿಯ ಹಾಗೆಯೇ, ನಿಲ್ಲುವುದಿಲ್ಲ.

"ನೀನು ಬಿದ್ದದ್ದರಿಂದ ಕೆಲಸ ಹೋಯ್ತು ಅಂತ ನಿನಗೆ ಅನ್ನಿಸಬಾರದು ಅಂತ."

ಮಗಳು ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಟಿಂಕರ್ ನನಗೆ ಹೊಡೆಯುತ್ತಾನೆಂದುಕೊಂಡೆ. ಅವನು ಗುದ್ದಲಿಯನ್ನು ಕೆಳಗಿಟ್ಟು ಆಚೆ ನಡೆದ.

ಅತ್ತಿಗೆ ಹತ್ತಿರ ಬಂದರು. ದನಿ ಏರಿಸಲಿಲ್ಲ.

"ಮೊನ್ನೆ ಹೇಳಬಾರದಿತ್ತಾ? ಮೊನ್ನೆ ಸಂಜೆವರೆಗೂ ಅವರಿಗೆ ಕಿವಿ ಕೇಳಿಸ್ತಿತ್ತು."

ಉತ್ತರಕ್ಕೆ ಅವರು ಕಾಯಲಿಲ್ಲ. ವಾಪಸ್ ದಿಬ್ಬದ ಹತ್ತಿರ ಹೋಗಿ ಮಂಡಿಯೂರಿದರು. ತಲೆಯಿದ್ದ ಕಡೆ ಮಣ್ಣನ್ನು ಬೆರಳಿನಿಂದ ಒಂದಿಷ್ಟು ಸರಿಸಿ, ಅಲ್ಲಿಗೆ ಬಾಯಿ ತಂದು ಏನೋ ಹೇಳಿದರು. ಆಮೇಲೆ ತಲೆ ಹೊರಳಿಸಿ ಅದೇ ಜಾಗಕ್ಕೆ ಕಿವಿ ಇಟ್ಟರು.

ಗೇಟಿನ ಹತ್ತಿರ ವ್ಯಾನಿನ ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ. ಅತ್ತಿಗೆ ಕಿವಿ ತೆಗೆಯದೆಯೇ ಕೈಯೆತ್ತಿ, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು.